ಸ್ಟುಡಿಯೋ ಮಾವನ ಎಡಗಣ್ಣು

ನಮ್ಮ ಪಾಲಹಳ್ಳಿ ಮನೆಯ ಬೋರ್ ನೀರು ಗಡಸು. ಕೆಟಲ್ ತಳದಲ್ಲಿ ಸುಣ್ಣ ಕಟ್ಟಿಕೊಂಡುಬಿಡುತ್ತದೆ. ಹೋದ ಭಾನುವಾರ ಅದನ್ನು ಬಿಡಿಸೋಣವೆಂದು ವಿನೆಗರ್ ಸುರಿದು ಕುದಿಯಲು ಇಟ್ಟೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಂಡವಪುರದಲ್ಲಿ ನಮ್ಮ ತವರಿನ ಪಕ್ಕದಲ್ಲಿದ್ದ ಡಾರ್ಕ್ ರೂಮು ನೆನಪಾಯಿತು. ಫಿಲಂ ಕಾಲದಲ್ಲಿ ಫೋಟೋ ತೊಳೆಯುವ ನೀರಿಗೂ ಇದೇ ವಾಸನೆ ಇತ್ತು. ನನ್ನ ಗಂಡ, "ಕಿಟಕಿ ತೆಗಿಯೇ, ಮೂಗು ಕಿತ್ಕೊಂಡ್ ಓಯ್ತದೆ" ಅಂತ ಕೂಗಿಕೊಂಡ. ನಾನು ತೆಗೆಯಲಿಲ್ಲ.

ಆ ಡಾರ್ಕ್ ರೂಮು ಇಟ್ಟುಕೊಂಡಿದ್ದವರನ್ನು ಬೀದಿಯ ಮಕ್ಕಳೆಲ್ಲ ಸ್ಟುಡಿಯೋ ಮಾವ ಅನ್ನುತ್ತಿದ್ದೆವು. ನಾಗಮಂಗಲದಿಂದ ಕೆ.ಆರ್. ಪೇಟೆವರೆಗೆ ಎಲ್ಲಿ ಮದುವೆಯಾದರೂ ಅವರದೇ ಕ್ಯಾಮೆರಾ. ಬಾಯಿ ಬಲು ಜೋರು. ಹೆಣ್ಣಿನ ಸೋದರಮಾವನಿಗೇ "ಏಯ್, ಅತ್ಲಾಗೆ ಸರ್ಕಳಲಾ, ನಿಂದಲ್ಲ ಮದ್ವೆ" ಅಂದುಬಿಡುತ್ತಿದ್ದರು. ಬಲಗಣ್ಣಿಗೆ ಕ್ಯಾಮೆರಾ ಇಟ್ಟು ಎಡಗಣ್ಣು ಮುಚ್ಚಿ ಮುಚ್ಚಿ, ಸುಮ್ಮನೆ ಮಾತಾಡುವಾಗಲೂ ಆ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು...

ನಾನು ಓದಿ, ಮೈಸೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಟೆಕ್ನೀಶಿಯನ್ ಕೆಲಸಕ್ಕೆ ಸೇರಿದೆ. ಕಣ್ಣಿನ ಒಳಗಿನ ಫೋಟೋ ತೆಗೆಯುವುದು, ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಮಾವನಿಗೆ ಅದೇನು ಹೆಮ್ಮೆ! "ನಾನು ಮೊಕ ತೆಗುದ್ರೆ, ನೀನು ಮೊಕದೊಳಕ್ಕೇ ನುಗ್ಬುಟ್ಟೆ ಕಣವ್ವ" ಅಂತ ಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಒಂದು ದಿನ ಹೆಂಡತಿಯನ್ನು ಕರೆದುಕೊಂಡು ಅವರೇ ನಮ್ಮ ಆಸ್ಪತ್ರೆಗೆ ಬಂದರು. ಎಡಗಣ್ಣಲ್ಲಿ ಮೂಗಿನ ಕಡೆ ಏನೋ ಪರದೆ ಬಿದ್ದ ಹಾಗೆ ಕಾಣುತ್ತದಂತೆ. ನೋವಿಲ್ಲ, ಕೆಂಪಿಲ್ಲ, ನೀರೂ ಸೋರುತ್ತಿಲ್ಲ. ಯಾವಾಗಿನಿಂದ ಎಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ಯಾವಾಗಲೂ ಮುಚ್ಚಿಯೇ ಇರುವ ಕಣ್ಣಲ್ಲಿ ಏನು ಕಂಡರೇನು, ಬಿಟ್ಟರೇನು? ಗೊತ್ತಾದ ಮೇಲೂ, ಪೊರೆ ಇರಬೇಕು, ಬಲಿಯಲಿ ಅಂತ ಕಾದಿದ್ದರು. ನಮ್ಮ ಕಡೆ ಕಣ್ಣು ಮಂಜಾದರೆ ಎಲ್ಲರ ಲೆಕ್ಕಾಚಾರವೂ ಇಷ್ಟೇ, ಮಾವಿನಕಾಯಿ ಹಣ್ಣಿಗೆ ಹಾಕಿದ ಹಾಗೆ ಕಾಯುತ್ತಾರೆ.

ಡ್ರಾಪ್ಸ್ ಬಿಟ್ಟು, ಪಾಪೆ ಅಗಲವಾದ ಮೇಲೆ ಫೋಟೋ ತೆಗೆದೆ. ಬಲಗಣ್ಣು ಚೊಕ್ಕಟವಾಗಿತ್ತು, ಕಿತ್ತಳೆ ಬಣ್ಣದ ದುಂಡು ಚಿತ್ರ. ಎಡಗಣ್ಣಿನದರಲ್ಲಿ ಅಂಚಿಗೆ ಕಂದುಗಪ್ಪಾದ ಗಡ್ಡೆಯಂಥದ್ದು. ಅದೇನಿರಬಹುದೆಂದು ನನಗೆ ಹೊಳೆಯಿತು. ಆದರೆ ಹೇಳುವುದು ಡಾಕ್ಟರ ಕೆಲಸ, ತೆಗೆಯುವುದಷ್ಟೇ ನನ್ನದು. ಮುಖದಲ್ಲಿ ಏನೂ ತೋರಿಸಬಾರದೆಂಬುದು ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ.

ಮಾವ ಸ್ಕ್ರೀನಿನಿಂದ ಹಿಂದಕ್ಕೆ ಸರಿದು ಸರಿದು ನೋಡಿದರು. ಡ್ರಾಪ್ಸ್ ಬಿಟ್ಟ ಕಣ್ಣಿಗೆ ಹತ್ತಿರದ್ದು ಕಾಣುವುದಿಲ್ಲ. ನೋಡಿ ನಕ್ಕುಬಿಟ್ಟರು.

"ಲೆನ್ಸ್ ಮೇಲೆ ಧೂಳು ಕಣವ್ವ. ಒರ್ಸು."

ಬಲಗಣ್ಣಿಗೂ ಇದೇ ಲೆನ್ಸು ಮಾವ, ಅದರಲ್ಲಿ ಬಂದಿಲ್ಲವಲ್ಲ ಅಂದೆ. ಆಮೇಲೆ ಬಿದ್ದಿರಬಹುದು ಅಂದರು. ಒರೆಸಿ ಮತ್ತೆ ತೆಗೆದೆ. ಹಾಗೇ ಇತ್ತು. ಅವರು ಬಿಡುವ ಆಸಾಮಿಯೇ? "ನಾನು ಕಣ್ಣ ಆ ಕಡೀಕ್ ತಿರುಗಿಸ್ತೀನಿ, ತೆಗಿ. ಧೂಳಾದ್ರೆ ಚಿತ್ರದಲ್ಲಿ ಇದ್ದ ಜಾಗದಲ್ಲೇ ಇರ್ತದೆ. ಕಣ್ಣೊಳಗಿದ್ರೆ ಕಣ್ ಜೊತೇಲೇ ಓಯ್ತದೆ" ಅಂದರು. ಕಿವಿಯ ಕಡೆ ನೋಡಿ ಅಂದೆ. ನೋಡಿದರು, ತೆಗೆದೆ.

ಅಂಚಿನಲ್ಲಿದ್ದ ಕಪ್ಪು ಚಿತ್ರದ ನಟ್ಟನಡುವೆ ಬಂದು ಕೂತಿತ್ತು.

ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದೆ. ಆ ಯಂತ್ರ ಶಬ್ದದ ಅಲೆ ಕಳಿಸಿ ಕಣ್ಣಿನ ಒಳಗನ್ನು ಬರೆದು ತೋರಿಸುತ್ತದೆ. ಹಿಂದಿನ ಗೋಡೆಯಿಂದ ಅಣಬೆಯಂಥದ್ದೊಂದು ಎದ್ದು ನಿಂತಿತ್ತು, ಕತ್ತು ಸಣ್ಣ, ತಲೆ ದಪ್ಪ. ಎತ್ತರ ಅಳೆದು ಬರೆದೆ.

ಡಾಕ್ಟರು ಕೂರಿಸಿಕೊಂಡು ಹೇಳಿದರು. ಇದು ಕಣ್ಣಿನೊಳಗಿನ ಮೆಲನೋಮ, ಕಣ್ಣಿಗೆ ಕಪ್ಪು ಬಣ್ಣ ಕೊಡುವ ಜೀವಕೋಶಗಳಿಂದಲೇ ಹುಟ್ಟುವ ಕ್ಯಾನ್ಸರು. ಚಿಕ್ಕದಿದ್ದರೆ ವಿಕಿರಣ ಕೊಟ್ಟು ಕಣ್ಣು ಉಳಿಸಬಹುದಿತ್ತು, ಇದು ಬಹಳ ದೊಡ್ಡದಾಗಿದೆ, ಕಣ್ಣು ತೆಗೆಯಬೇಕು. ಇದು ಹರಡಿದರೆ ಹೆಚ್ಚಾಗಿ ಲಿವರಿಗೆ ಹೋಗುತ್ತದೆ, ಮೊದಲು ಅದರ ಸ್ಕ್ಯಾನ್ ಆಗಬೇಕು.

ಅತ್ತೆ, ಅಂದರೆ ಮಾವನ ಹೆಂಡತಿ, ಎದ್ದು ನಿಂತೇಬಿಟ್ಟರು. "ನೋವೇ ಇಲ್ದಿರೋ ಕಣ್ಣ ಯಾಕ್ ಸ್ವಾಮಿ ಕೀಳ್ತೀರಾ? ಒಂದ್ ಚೂರು ತೆಗ್ದು ಪರೀಕ್ಷೆ ಮಾಡ್ದೆ, ಬರೀ ಫೋಟೋ ನೋಡಿ?" ಕೇಳಿದ್ದರಲ್ಲಿ ತಪ್ಪೇನಿಲ್ಲ. ಬೇರೆ ಗಡ್ಡೆಗಳಿಗೆಲ್ಲ ಚೂರು ತೆಗೆದೇ ನೋಡುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಫೋಟೋ, ಸ್ಕ್ಯಾನುಗಳೇ ಸಾಕಾಗುತ್ತವೆ ಅಂತ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಅತ್ತೆಗೆ ಒಂದು ಮಾತೂ ಇಳಿಯಲಿಲ್ಲ, ಮನೆಗೆ ಹೋಗೋಣ ನಡೀರಿ ಅಂತ ಗಂಡನ ತೋಳು ಹಿಡಿದು ಎಳೆದರು. ಹಾಗೆ ಎದ್ದು ಹೋದವರು ಎಷ್ಟೋ ಸಲ ವಾಪಸ್ಸು ಬರುವುದಿಲ್ಲ, ಅದು ನನಗೆ ಗೊತ್ತಿತ್ತು.

ಮಾವ ಕೂತಲ್ಲಿಂದ ಏಳಲಿಲ್ಲ. "ಅದು ಜರುಗ್ತು ಕಣೆ. ನಾನೇ ನೋಡ್ದೆ. ತೆಗೀಲಿ ಬುಡು" ಅಂದರು.

ಲಿವರು ಚೆನ್ನಾಗಿತ್ತು. ಕಣ್ಣು ತೆಗೆದರು. ಲ್ಯಾಬಿನಿಂದಲೂ ಅದೇ ಉತ್ತರ ಬಂತು. ಕೃತಕ ಕಣ್ಣು ಹಾಕಿಸಿಕೊಂಡು ಮತ್ತೆ ಮದುವೆಮನೆಗಳಲ್ಲಿ ಜನರನ್ನು ಬೈಯುತ್ತ ಓಡಾಡಿದರು. ಕ್ಯಾಮೆರಾಕ್ಕೆ ಬೇಕಾದ ಕಣ್ಣು ಉಳಿದಿತ್ತಲ್ಲ. ಹೇಳಿದಾಗೆಲ್ಲ ಲಿವರ್ ಸ್ಕ್ಯಾನಿಗೆ ತಪ್ಪದೆ ಬರುತ್ತಿದ್ದರು. ಕೆಲವು ವರ್ಷ ಏನೂ ಇರಲಿಲ್ಲ, ಗೆದ್ದೆವು ಅಂದುಕೊಂಡೆವು... ಆಮೇಲೆ ಒಂದು ಸ್ಕ್ಯಾನಿನಲ್ಲಿ ಲಿವರಿನ ತುಂಬ ಚುಕ್ಕೆ. ಕಣ್ಣು ತೆಗೆಯುವ ಮೊದಲೇ ಕ್ಯಾನ್ಸರು ಎಲ್ಲೋ ನುಸುಳಿ ಸುಮ್ಮನೆ ಕೂತಿತ್ತಂತೆ. ಮಾವ ಆ ಬೇಸಿಗೆ ದಾಟಲಿಲ್ಲ. ಹೊಲದಲ್ಲಿ ಮಣ್ಣು ಮಾಡಿದರು. ನನ್ನ ಕೈಯಲ್ಲಿ ಬಂದ ಚಿತ್ರಗಳಲ್ಲಿ ನಿಜವಾಗದೆ ಹೋಗಲಿ ಅಂತ ನಾನು ಬೇಡಿಕೊಂಡದ್ದು ಮಾವನ ಎಡಗಣ್ಣಿನ ಚಿತ್ರವೊಂದಕ್ಕೇ.

ಈ ಸಲ ಪಿತೃಪಕ್ಷದಲ್ಲಿ ಎಡೆ ಇಡುವ ಮುಂಚೆ ಅತ್ತೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿಕೊಂಡು ನಮ್ಮ ಮನೆಗೆ ಬಂದಿದ್ದರು. ಕಾಫಿ ಮುಟ್ಟಲಿಲ್ಲ. "ಅವ್ರನ್ನ ಪೂರ್ತಿ ಕಳಿಸ್ಲಿಲ್ವಲ್ಲವ್ವ ನಾವು. ಆ ಕಣ್ಣು ಎಲ್ಲೋಯ್ತು?" ಅಂತ ಕೇಳಿದರು. ಪರೀಕ್ಷೆಯಾದ ಮೇಲೆ ಅದನ್ನು ಇಟ್ಟುಕೊಂಡಿರುವುದಿಲ್ಲ ಅತ್ತೆ ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಾಫಿ ಲೋಟ ಪಕ್ಕಕ್ಕೆ ಸರಿಸಿ, "ನೀನು ತೆಗ್ದ ಫೋಟೋನಾರ ಅದಾ?" ಅಂದರು.

ಇತ್ತು. ಡಾಕ್ಟರನ್ನು ಕೇಳಿ ಒಂದು ಪ್ರಿಂಟು ಹಾಕಿಸಿ, ಮೊನ್ನೆ ಪಾಂಡವಪುರಕ್ಕೆ ಹೋಗಿ ಕೊಟ್ಟು ಬಂದೆ. ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಇದ್ರಲ್ಲಿ ಕಾಯ್ಲೆ ಯಾವ್ದವ್ವ, ಅವ್ರು ಯಾವ್ದು?"

ಕಪ್ಪಿನ ಮೇಲೆ ಬೆರಳಿಟ್ಟು ತೋರಿಸಿದೆ. ಅತ್ತೆ ಅಷ್ಟನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಉಳಿದದ್ದನ್ನು ನೋಡುತ್ತ ಹೊಸಲ ಮೇಲೆ ಕೂತರು.