ನೀರು ತಾಗಬಾರದ ಗೆರೆ

ಮನರಂಜನಾ ಪಾರ್ಕಿನ ಆಟದ ದೋಣಿ ಎತ್ತರದಿಂದ ಜಾರಿ ನೀರಿಗೆ ಬಿದ್ದಾಗ ನಾವೆಲ್ಲ ತೊಯ್ದು ಕಿರುಚುತ್ತಿದ್ದರೆ, ನನ್ನ ಮುಂದೆ ಕೂತಿದ್ದ ಹೆಂಗಸು ಮಾತ್ರ ಎರಡೂ ಕೈಗಳಿಂದ ಕುತ್ತಿಗೆ ಮುಚ್ಚಿಕೊಂಡು ಬಾಗಿದ್ದರು. ತೊಂಬತ್ತರ ದಶಕದ ಆರಂಭ. ಮುಂಬಯಿಗೆ ಇಂಥ ಪಾರ್ಕುಗಳು ಆಗಿನ್ನೂ ಹೊಸತು. ಚಳಿಗಾಲದ ಬಿಸಿಲಿನಲ್ಲಿ ರೇನ್‌ಕೋಟ್ ತೊಟ್ಟು, ಕೊರಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದ ಅವರನ್ನು ನೋಡಿ ಸಾಲಿನಲ್ಲಿದ್ದವರು ನಕ್ಕಿದ್ದರು.

ನನ್ನ ಕನ್ನಡ ಕಿವಿಗೆ ಬಿದ್ದಿತ್ತೇನೋ, ಇಳಿದವರೇ ಪ್ಲಾಸ್ಟಿಕ್ ಬಿಚ್ಚಿ, "ಸ್ವಲ್ಪ ನೋಡಿ ಅಕ್ಕಾ, ಗೆರೆ ಅಳಿಸಿ ಹೋಗಿದೆಯಾ?" ಎಂದು ಕೇಳಿದರು. ಕೊರಳ ಮೇಲೆ ನೇರಳೆ ಶಾಯಿಯ ಚೌಕವಿತ್ತು. ಕ್ಯಾನ್ಸರಿಗೆ ಕರೆಂಟ್, ಅಂದರೆ ವಿಕಿರಣ, ಕೊಡುವ ಜಾಗಕ್ಕೆ ಆಸ್ಪತ್ರೆಯವರು ಹಾಕಿದ ಗುರುತು. ಚಿಕಿತ್ಸೆ ಮುಗಿಯುವ ತನಕ ಅದಕ್ಕೆ ನೀರು ತಾಗಬಾರದಂತೆ.

ಒಂದು ಮೂಲೆ ಕದಡಿತ್ತು. ಇದ್ದದ್ದನ್ನು ಹೇಳಿ, "ಮತ್ತೆ ಯಾಕೆ ಹತ್ತಿದಿರಿ?" ಎಂದೆ.

ಆಚೆ ಅವರ ಪುಟ್ಟ ಮಗಳು ನಗುತ್ತಾ ಒದ್ದೆ ಫ್ರಾಕು ಹಿಂಡಿಕೊಳ್ಳುತ್ತಿದ್ದಳು. "ಅಮ್ಮ ಬಂದರೆ ಮಾತ್ರ ಕೂರುವುದು ಅಂತ ಹಟ ಇವಳದ್ದು. ಮುಂದಿನ ವರ್ಷ ಬರುವಾ ಅಂತ ಹೇಳಲಿಕ್ಕೆ ನನ್ನಿಂದ ಆಗಲಿಲ್ಲ," ಎಂದರು ತಗ್ಗಿದ ದನಿಯಲ್ಲಿ.

ಅವರ ಹೆಸರು ಕೇಳುವ ಧೈರ್ಯ ನನಗೆ ಬರಲಿಲ್ಲ. ಸಂಜೆ ಪಾರ್ಕಿನಿಂದ ಕಡಲು ದಾಟಿಸುವ ಲಾಂಚಿನಲ್ಲಿ ಮರಳುವಾಗ ಆ ಹುಡುಗಿ ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಆ ದಿನ ಅವಳಿಗೆ ನೆನಪಿರಲಿ ಎಂದು ಈಗಲೂ ಬೇಡಿಕೊಳ್ಳುತ್ತೇನೆ.