ಏಪ್ರಿಲ್ ತಿಂಗಳ ರಾಜೀನಾಮೆ

ನಮ್ಮ ಶಾಲೆಯಲ್ಲಿ ಏಪ್ರಿಲ್ ಬಂದರೆ ಮಕ್ಕಳು ಪಾಸಾಗುತ್ತಿದ್ದರು, ಮೇಷ್ಟ್ರುಗಳು ರಾಜೀನಾಮೆ ಕೊಡುತ್ತಿದ್ದರು. ಕೆಲಸ ಬೇಸರವಾಗಿ ಅಲ್ಲ. ಬೇಸಿಗೆ ರಜೆಯ ಸಂಬಳ ಉಳಿಸಲು ಆಡಳಿತದವರು ಕಂಡುಕೊಂಡಿದ್ದ ಪದ್ಧತಿ ಅದು. ಉತ್ತರಪತ್ರಿಕೆ ತಿದ್ದಿ ಮುಗಿಸಿದ ದಿನ ಒಬ್ಬೊಬ್ಬರೇ ಆಫೀಸಿಗೆ ಹೋಗಿ ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದುಕೊಡಬೇಕು. ಜೂನ್‌ನಲ್ಲಿ ಬಂದು, ಈ ಕಟ್ಟಡವನ್ನು ಇದೇ ಮೊದಲು ನೋಡುತ್ತಿದ್ದೇವೆ ಎಂಬ ಮುಖ ಮಾಡಿಕೊಂಡು ಹೊಸದಾಗಿ ಸೇರಬೇಕು. ಶಾಲೆಯ ಮೊದಲ ಬೆಂಚು ಬರುವ ಮುಂಚೆಯೇ ಬಂದಿದ್ದ, ಶಿವಾಜಿನಗರದ ಹಿಂದಿ ಮೇಷ್ಟ್ರು ಕೂಡ ಪ್ರತಿ ಜೂನ್‌ನಲ್ಲಿ ಹೊಸಬರೇ. ಅವರಿಗೆ ತಲೆ ನರೆಯುತ್ತಿತ್ತೇ ಹೊರತು ಸರ್ವಿಸ್ ಬೆಳೆಯುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಮರ್ಫಿ ಟೌನಿನ ಓಣಿಯೊಂದರ ಆ ಖಾಸಗಿ ಶಾಲೆಯಲ್ಲಿ ನಾನು ಪೌರನೀತಿ ಪಾಠ ಮಾಡುತ್ತಿದ್ದೆ. ಮೂಲಭೂತ ಹಕ್ಕುಗಳು ನನಗೆ ಬಾಯಿಪಾಠ. ಅದಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಮಿಮಿಕ್ರಿ. ಹೆಡ್‌ಮಿಸ್ಸಿನ ತಮಿಳುಗನ್ನಡ, ಹಿಂದಿ ಮೇಷ್ಟ್ರ ಸೀನು, ಕನ್ನಡಿಯ ಮುಂದೆ ತಲೆ ಬಾಚುವ ನನ್ನದೇ ಠೀವಿ, ಯಾವುದನ್ನೂ ಬಿಟ್ಟವನಲ್ಲ. ಆದರೆ ನನ್ನ ಮೇರುಕೃತಿ ಎಂದರೆ ಕರೆಸ್ಪಾಂಡೆಂಟರು.

ಶಾಲೆಯ ಮಾಲೀಕರನ್ನು ನಾವು ಹಾಗೆ ಕರೆಯುತ್ತಿದ್ದೆವು. ಕೆ.ಆರ್. ಪುರಂ ಕಡೆಯ ಹಳ್ಳಿಯವರು. ಅವರ ಹೊಲ ಸೈಟಾಗಿ, ಸೈಟು ಶಾಲೆಯಾಗಿತ್ತು. ಮಾತಿಗೆ ಮುಂಚೆ ಎರಡು ಸಲ ಕೆಮ್ಮುವರು, ಪೇಪರ್‌ವೆಯ್ಟನ್ನು ಎಡದಿಂದ ಬಲಕ್ಕೆ ಸರಿಸುವರು, ಕನ್ನಡಕ ತೆಗೆಯುವರು. ಆಮೇಲೆ ಒಂದೇ ಮಾತು: “ನೋಡಪ್ಪಾ, ಇದು ಸ್ಕೂಲಲ್ಲ, ಒಂದ್ ಫ್ಯಾಮಿಲಿ. ನೀವೆಲ್ಲಾ ನಮ್ಮನೆ ಮಕ್ಕಳಿದ್ದಂಗೆ.” ಮನೆ ಮಕ್ಕಳಿಗೆ ಯಾರು ತಾನೇ ಸಂಬಳ ಕೊಡುತ್ತಾರೆ? ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು.

ಆ ವರ್ಷ ಲೆಕ್ಕದ ಮಿಸ್ಸಿಗೆ ಚೊಚ್ಚಲು ಬಸಿರು, ಜೂನ್‌ಗೆ ದಿನ ತುಂಬುತ್ತಿತ್ತು. ಗರುಡಾಚಾರ್‌ಪಾಳ್ಯದಲ್ಲಿ ಗಂಡ ದುಡಿಯುತ್ತಿದ್ದ ಕಾರ್ಖಾನೆ ಆಗಲೇ ಅರ್ಧ ಜನರನ್ನು ಮನೆಗೆ ಕಳಿಸಿತ್ತು. ಏಪ್ರಿಲ್‌ನಲ್ಲಿ ರಾಜೀನಾಮೆ ಬರೆದುಕೊಟ್ಟರೆ ಹೆರಿಗೆ ರಜೆಯ ಮಾತೇ ಇಲ್ಲ. ಜೂನ್‌ನಲ್ಲಿ ಮತ್ತೆ ಸೇರಿಸಿಕೊಳ್ಳುವ ಮಾತೂ ಇಲ್ಲ, ಏಕೆಂದರೆ ಬೇರೆ ಲೆಕ್ಕದ ಮಿಸ್ಸನ್ನು ಹುಡುಕಲು ಆಫೀಸಿಗೆ ಆಗಲೇ ಹೇಳಿಯಾಗಿತ್ತು.

ಅದಕ್ಕೇ ಲೆಕ್ಕದ ಮಿಸ್ಸು, ಹಿಂದಿ ಮೇಷ್ಟ್ರು, ನಾನು, ಮೂವರೂ ಒಂದು ಭಾನುವಾರ ಹಲಸೂರಿಗೆ, ಸೈಕಲ್ ಶಾಪಿನ ಮಹಡಿ ಮೇಲಿದ್ದ ಶಿಕ್ಷಕರ ಸಂಘಕ್ಕೆ ಹೋದೆವು. ಸಂಘವನ್ನು ನಡೆಸುತ್ತಿದ್ದವರು ರಿಟೈರಾದ ಡ್ರಿಲ್ ಮಾಸ್ಟರು. ಕಾನೂನನ್ನೂ ಕವಾಯತಿನ ದನಿಯಲ್ಲೇ ಹೇಳುವರು. ಮೊದಲ ಒಂದು ಗಂಟೆ ಆದಾಯ ತೆರಿಗೆ ಉಳಿಸುವ ಬಗೆ. ಅಲ್ಲಿ ಕೂತಿದ್ದ ಬಹುಪಾಲು ಜನರ ಸಂಬಳಕ್ಕೂ ತೆರಿಗೆಗೂ ಮುಖಪರಿಚಯವೇ ಇರಲಿಲ್ಲ. ಆದರೂ ಎಂಥ ಪ್ರಶ್ನೆಗಳು! ಮನೆ ಸಾಲದ ಬಡ್ಡಿಗೆ ವಿನಾಯಿತಿ ಎಷ್ಟು ಎಂದು ನಾನೇ ಎದ್ದು ನಿಂತು ಕೇಳಿದೆ. ನಾನಾಗ ಅಕ್ಕನ ಮನೆಯ ವರಾಂಡದಲ್ಲಿ ಮಲಗುತ್ತಿದ್ದೆ. ಆ ಒಂದು ಗಂಟೆ ನಾವೆಲ್ಲ ಶ್ರೀಮಂತರಾಗಿದ್ದೆವು.

ಕೊನೆಗೆ ಲೆಕ್ಕದ ಮಿಸ್ಸು ತಮ್ಮ ವಿಷಯ ಹೇಳಿದರು. ಡ್ರಿಲ್ ಮಾಸ್ಟರು ಪೂರ್ತಿ ಕೇಳಿಸಿಕೊಂಡರು.

“ಬರೀಬೇಡಮ್ಮಾ. ರಾಜೀನಾಮೆ ಕೊಡೋದು ಕೆಲಸ ಬಿಡೋರ ಇಷ್ಟ, ಕೇಳೋರ ಹಕ್ಕಲ್ಲ. ನೀನು ಬರೆದುಕೊಟ್ಟ ಮೇಲೆ ನಾವು ಏನೂ ಮಾಡಕ್ಕಾಗಲ್ಲ. ಬರೀದೆ ಬಂದ್ರೆ ನಿನ್ನ ಪರವಾಗಿ ಎಲ್ಲಿಗೆ ಬೇಕಾದ್ರೂ ಬರ್ತೀವಿ. ‘ಕೆಲಸ ಬಿಡ್ತಿಲ್ಲ ಸಾರ್, ಹೆರಿಗೆ ರಜ ಬೇಕು.’ ಇಷ್ಟೇ. ಅಭ್ಯಾಸ ಮಾಡ್ಕೊಂಡು ಹೋಗು.”

ಅಭ್ಯಾಸ ಎಂದ ಕೂಡಲೇ ಇಬ್ಬರೂ ನನ್ನ ಮುಖ ನೋಡಿದರು. ಮರುದಿನದಿಂದ ಸ್ಟಾಫ್ ರೂಮಿನ ಬೀರುವಿನ ಹಿಂದೆ, ಊಟದ ಬೆಲ್ ಆದ ಮೇಲೆ ತಾಲೀಮು ಶುರು. ಸೀಮೆಸುಣ್ಣದ ಡಬ್ಬಿಯೇ ಪೇಪರ್‌ವೆಯ್ಟು, ಹಿಂದಿ ಮೇಷ್ಟ್ರ ಕನ್ನಡಕವೇ ಕರೆಸ್ಪಾಂಡೆಂಟರದು. ಮೊದಲ ದಿನ ನಾನು ಎರಡನೇ ಕೆಮ್ಮು ಕೆಮ್ಮುವಷ್ಟರಲ್ಲಿ ಹಿಂದಿ ಮೇಷ್ಟ್ರು ಪೆನ್ನು ತೆಗೆದುಬಿಟ್ಟರು. “ಅರೇ ಭಾಯ್, ಅಭ್ಯಾಸ ಆಗ್ಬಿಟ್ಟಿದೆ” ಎಂದು ನಾಚಿಕೊಂಡರು. ಲೆಕ್ಕದ ಮಿಸ್ಸಿಗೆ ನನ್ನ ದನಿ ಕೇಳಿದರೆ ಸಾಕು, ಕಣ್ಣಲ್ಲಿ ನೀರು. ನಾನು ಬಿಡಲಿಲ್ಲ. ಗದರಿದೆ, ಮುದ್ದು ಮಾಡಿದೆ, ಬೇರೆ ಶಾಲೆಯವರನ್ನು ಹೊಗಳಿದೆ, ಫ್ಯಾಮಿಲಿ ಫ್ಯಾಮಿಲಿ ಎಂದು ಎದೆ ಮುಟ್ಟಿಕೊಂಡೆ. ವಾರ ಕಳೆಯುವಷ್ಟರಲ್ಲಿ ಅವರು ಇಡ್ಲಿ ಅಗಿಯುತ್ತಲೇ “ಕೆಲಸ ಬಿಡ್ತಿಲ್ಲ ಸಾರ್” ಎನ್ನತೊಡಗಿದರು. ತರಬೇತುದಾರನಾಗಿ ನನಗೆ ಕೋಡು ಮೂಡಿತ್ತು.

ರಾಜೀನಾಮೆಯ ದಿನ ಕಿರಿಯನೆಂದು ಮೊದಲು ನನ್ನನ್ನೇ ಕರೆದರು. ಕರೆಸ್ಪಾಂಡೆಂಟರು ಕೆಮ್ಮಿದರು. ಎರಡನೇ ಕೆಮ್ಮನ್ನು ನಾನು ಸ್ವಲ್ಪ ಉದ್ದ ಮಾಡುತ್ತಿದ್ದೆ ಎಂಬುದು ಹೊಳೆಯಿತು, ತಿದ್ದಿಕೊಳ್ಳಬೇಕು ಅಂದುಕೊಂಡೆ. ಪೇಪರ್‌ವೆಯ್ಟು ಸರಿಯಿತು, ಕನ್ನಡಕ ಇಳಿಯಿತು. ಇದು ಸ್ಕೂಲಲ್ಲ ಎಂದರು. ಆಗ ಗೊತ್ತಾಯಿತು: ಆ ನಾಟಕದಲ್ಲಿ ನನಗೆ ಬರುತ್ತಿದ್ದುದು ಅವರ ಪಾತ್ರ ಮಾತ್ರ. ಎದುರು ನಿಂತು ‘ಬಿಡ್ತಿಲ್ಲ ಸಾರ್’ ಎನ್ನುವುದನ್ನು ಎಲ್ಲರಿಂದ ಹೇಳಿಸಿದ್ದೆ, ನನ್ನ ನಾಲಿಗೆ ಒಮ್ಮೆಯೂ ಹೇಳಿರಲಿಲ್ಲ.

“ಹೌದು ಸಾರ್, ಒಂದ್ ಫ್ಯಾಮಿಲಿ” ಎಂದೆ. ಅದೂ ಅವರದೇ ದನಿಯಲ್ಲಿ.

ಅವರು ತಲೆಯೆತ್ತಿ ಒಂದು ಗಳಿಗೆ ನನ್ನನ್ನೇ ನೋಡಿ, ಹಾಳೆ ಮುಂದೆ ತಳ್ಳಿದರು. ಬರೆದುಕೊಟ್ಟೆ. ಅಕ್ಷರ ಮಾತ್ರ ದುಂಡಗೆ ಬಂದಿತ್ತು.

ಮುಂದಿನ ಸರದಿ ಲೆಕ್ಕದ ಮಿಸ್ಸಿನದು. ಆಫೀಸಿಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಹಿಂದಿ ಮೇಷ್ಟ್ರೂ ನಾನೂ ಅದಕ್ಕೆ ಕಿವಿ ಕೊಟ್ಟು ನಿಂತೆವು. ಕೆಮ್ಮು ಕೇಳಿಸಿತು. ಹಿಂದೆಯೇ ಕಿಸಕ್ಕನೆ ನಗು. ಹಿಂದಿ ಮೇಷ್ಟ್ರು ನನ್ನ ಮೊಣಕೈ ಹಿಡಿದುಕೊಂಡರು.

“ಯಾಕಮ್ಮಾ, ಏನಾಯ್ತು?”

“ಏನಿಲ್ಲ ಸಾರ್. ಕೆಲಸ ಬಿಡ್ತಿಲ್ಲ ಸಾರ್, ಹೆರಿಗೆ ರಜ ಬೇಕು.”

ಅಡೆತಡೆಯಿಲ್ಲದೆ, ಇಡ್ಲಿ ಅಗಿಯುವಾಗ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಒಳಗೆ ಪೇಪರ್‌ವೆಯ್ಟು ಬಲದಿಂದ ಎಡಕ್ಕೆ ಬಂದದ್ದು ಪರದೆಯ ಸಂದಿಯಲ್ಲಿ ಕಂಡಿತು. ಅದು ನನ್ನ ತಾಲೀಮಿನಲ್ಲಿ ಇರಲಿಲ್ಲ. ಕರೆಸ್ಪಾಂಡೆಂಟರ ದನಿ ಮೆತ್ತಗಾಯಿತು.

“ರೂಲ್ಸು ಮಾತಾಡ್ಬೇಡಮ್ಮಾ. ನೀನು ನಮ್ಮನೆ ಮಗಳಿದ್ದಂಗೆ.”

ಇದಕ್ಕೆ ಡ್ರಿಲ್ ಮಾಸ್ಟರು ಉತ್ತರ ಕೊಟ್ಟಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಒಳಗೆ ಬಳೆಯ ಸದ್ದಾಯಿತು.

“ಹಂಗಂದ್ರೆ ಸರಿಹೋಯ್ತಲ್ಲ ಸಾರ್. ಮಗಳ ಮೊದಲನೇ ಬಾಣಂತನ ತವರುಮನೆಯವರೇ ಅಲ್ವಾ ಮಾಡೋದು?”

ಕರೆಸ್ಪಾಂಡೆಂಟರು ಕನ್ನಡಕ ಮತ್ತೆ ಹಾಕಿಕೊಂಡರು. ಹಳ್ಳಿಯ ದೊಡ್ಡ ಮನೆಯವರು ಅವರು. ಕಾಯಿದೆಗೆ ನೂರು ನೆವ ಹೇಳಬಲ್ಲರು, ಇದಕ್ಕೆ ಏನು ಹೇಳುತ್ತಾರೆ?

“ರಜದ ಅರ್ಜಿ ಹೆಡ್‌ಮಿಸ್ ಹತ್ರ ಕೊಟ್ಟು ಹೋಗಮ್ಮಾ. ಬಿಸಿಲಲ್ಲಿ ಓಡಾಡ್ಬೇಡ.”

ಹೊರಗೆ ಬಂದ ಮಿಸ್ಸು ನನ್ನ ನೀರಿನ ಬಾಟಲಿ ಕಿತ್ತುಕೊಂಡು ಖಾಲಿ ಮಾಡಿದರು. ಹಿಂದಿ ಮೇಷ್ಟ್ರು ಒಳಗೆ ಹೋಗಿ ಎಂದಿನಂತೆ ಬರೆದುಕೊಟ್ಟು ಬಂದರು. ಈ ವಯಸ್ಸಿನಲ್ಲಿ ತಾನು ಯಾವ ಬಾಣಂತನ ಕೇಳಲಿ ಎಂಬುದು ಅವರ ಅಳಲು.

ಜೂನ್‌ನಲ್ಲಿ ನಾನು ಹೊಸಬನಾಗಿ ಸೇರಿದೆ. ಮಿಸ್ಸು ರಜೆಯಲ್ಲಿದ್ದುದರಿಂದ ಅವರ ಲೆಕ್ಕದ ಕ್ಲಾಸುಗಳೂ ನನ್ನ ತಲೆಗೇ ಬಂದವು. ಮಕ್ಕಳು ಅದನ್ನು ಇನ್ನೂ ಕ್ಷಮಿಸಿರಲಿಕ್ಕಿಲ್ಲ. ರಜೆ ಮುಗಿಸಿ ಬಂದ ಮಿಸ್ಸು ಹಾಜರಿ ಪುಸ್ತಕದಲ್ಲಿ ಹಳೆಯ ಜಾಗದಲ್ಲೇ ಸಹಿ ಹಾಕಿದರು, ನನಗಿಂತ ಮೇಲೆ.

ಮುಂದಿನ ವರ್ಷದ ಪರೀಕ್ಷೆಗಳು ಹತ್ತಿರವಾದಾಗ ಒಂದು ದಿನ ಊಟದ ಹೊತ್ತಿನಲ್ಲಿ ಅವರು ಸೀಮೆಸುಣ್ಣದ ಡಬ್ಬಿ ತಂದು ನನ್ನ ಮುಂದಿಟ್ಟರು. ಹಿಂದಿ ಮೇಷ್ಟ್ರ ಮೂಗಿನ ಮೇಲಿಂದ ಕನ್ನಡಕ ತೆಗೆದು ತಾವೇ ಹಾಕಿಕೊಂಡರು.

“ಈ ಸಲ ಕರೆಸ್ಪಾಂಡೆಂಟ್ ನಾನು. ನೀವು ಯಾರ್ ಥರಾನೂ ಮಾಡ್ಬೇಡಿ ಸಾರ್, ನಿಮ್ಮ ಥರಾನೇ ಬನ್ನಿ.”

ಎರಡು ಸಲ ಕೆಮ್ಮಿದರು. ಎರಡನೆಯದು ನನ್ನದಕ್ಕಿಂತ ಸರಿಯಾಗಿತ್ತು.