ಮೆಂಬರಕ್ಕ ಬಡಿಸಿದ ಪಾಯಸ

ಮಳೆಗಾಲದ ಪಂಚಾಯ್ತಿ ಮೀಟಿಂಗಿಗೆ ಅವರು ಬಂದು ಕೂತರೆ ಕುರ್ಚಿಯ ಕೆಳಗೆ ರಕ್ತದ ಸಣ್ಣ ಗೆರೆ ಹರಿದಿರುತ್ತಿತ್ತು. ಗುಡ್ಡ ಸುತ್ತಿ ಬಂದ ಕಾಲು. ಜಿಗಣೆ ಕಚ್ಚಿದ ಕಡೆಯೆಲ್ಲ ರಕ್ತ ನಿಲ್ಲದೆ ಇಳಿಯುತ್ತಿತ್ತು. ಸುಣ್ಣದ ಡಬ್ಬಿ ತೆಗೆದು ಅಲ್ಲೇ ಹಚ್ಚಿಕೊಳ್ಳುತ್ತ, "ನೀವು ಮಾತಾಡಿ ಅಧ್ಯಕ್ಷರೇ, ನಾ ಕೇಳ್ತಾ ಇದ್ದೀನಿ" ಅನ್ನುತ್ತಿದ್ದರು. ಅಧ್ಯಕ್ಷರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು.

ನಮ್ಮ ವಾರ್ಡಿನ ಮೆಂಬರು, ಊರಿಗೆಲ್ಲ ಮೆಂಬರಕ್ಕ. ನಾಪೋಕ್ಲಿನಲ್ಲಿ ಬಾಡಿಗೆ ಜೀಪು ಓಡಿಸುವ ನನಗೂ ಅಕ್ಕನೇ. ಜೀಪು ಹತ್ತಿದರೆ ಬಾಯಿ ಮುಚ್ಚಿ ಕೂರುವವರಲ್ಲ. "ನಿಲ್ಸು ಮಾರಾಯ, ರಸ್ತೆ ಬದಿ ಆ ಮಣ್ಣಿನ ಬರೆ ನೋಡು, ನಿನ್ನೆ ಇಷ್ಟು ಬಿರುಕು ಇರ್ಲಿಲ್ಲ" ಎಂದು ತಿರುವಿನಲ್ಲೇ ಬ್ರೇಕು ಹಾಕಿಸುವರು. ಹಿಂದಿನ ಲಾರಿಯವನ ಬೈಗುಳ ಮಾತ್ರ ನನ್ನ ಪಾಲಿಗೆ.

ಅವರ ತಲೆಯಲ್ಲಿ ಇದ್ದದ್ದು ಒಂದೇ. ಗುಡ್ಡದ ಬುಡದಲ್ಲಿದ್ದ ನಮ್ಮ ಕಾಲೋನಿಯನ್ನು ಬೇರೆ ಕಡೆಗೆ ಸಾಗಿಸಬೇಕು. ಮೊದಲೆಲ್ಲ ಮಳೆ ತಿಂಗಳುಗಟ್ಟಲೆ ಹದವಾಗಿ ಹೊಡೆಯುತ್ತಿತ್ತು. ಈಗ ಜೂನಿನಲ್ಲೂ ಬಿಸಿಲು ಕಾಯಿಸಿ, ಆಮೇಲೆ ತಿಂಗಳ ಮಳೆಯನ್ನು ಎರಡೇ ದಿನಕ್ಕೆ ಸುರಿದುಬಿಡುತ್ತದೆ. ಸಾಲದ್ದಕ್ಕೆ ಮೇಲೆ ಹೋಂಸ್ಟೇ ರಸ್ತೆಗೆಂದು ಜೆಸಿಬಿ ಅದೇ ಗುಡ್ಡವನ್ನು ಕೆರೆದಿತ್ತು. ಹೊಸ ಜಾಗ ಸಿಗಬೇಕಾದರೆ ಪಂಚಾಯ್ತಿ ನಿರ್ಣಯ ಬೇಕು, ಅದರ ಬೆನ್ನಿಗೆ ಎಮ್ಮೆಲ್ಲೆ ನಿಲ್ಲಬೇಕು. ಆ ವಿಷಯ ಮೀಟಿಂಗಿಗೆ ಬರುತ್ತಿದ್ದುದು ಮಾತ್ರ ಮಾರ್ಚಿನಲ್ಲಿ, ನೆಲ ಕಲ್ಲಿನ ಹಾಗೆ ಗಟ್ಟಿ ಇರುವಾಗ.

"ಇದು ಅಪಾಯದ ಗುಡ್ಡ ಅಂತ ನಾವೇ ಬರೆದುಕೊಟ್ರೆ ಟೂರಿಸ್ಟ್ ಬರ್ತಾರಾ ಅಕ್ಕ? ಇಲ್ಲಿ ಜಾಗ ಯಾರು ತಕೊಳ್ತಾರೆ?" ಎಂದರು ಅಧ್ಯಕ್ಷರು. ಉಳಿದವರು ಚಹಾ ಕುಡಿಯುತ್ತ ತಲೆಯಾಡಿಸಿದರಂತೆ.

ವಾಪಸು ಬರುವಾಗ ಅಕ್ಕ ಅಂದದ್ದು ಇಷ್ಟೇ: "ಬೇಸಿಗೆಲಿ ಗುಡ್ಡ ಸುಳ್ಳು ಹೇಳ್ತದೆ ಮಾರಾಯ. ಇವರನ್ನ ಕಕ್ಕಡಕ್ಕೆ ಕರೀಬೇಕು."

ಕಕ್ಕಡ ಎಂದರೆ ನಮ್ಮಲ್ಲಿ ಮಳೆಯ ನಟ್ಟನಡುವಿನ ತಿಂಗಳು. ಅದರ ಹದಿನೆಂಟನೇ ದಿನ ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧ ಸೇರುತ್ತದೆಂದು, ಅದರ ರಸದಲ್ಲಿ ಪಾಯಸ ಮಾಡುತ್ತಾರೆ. ನೇರಳೆ ಬಣ್ಣ, ಮೂಗಿಗೆ ಹೊಡೆಯುವ ವಾಸನೆ. ಮರುದಿನ ಉಚ್ಚೆಯೂ ಕೆಂಪು. ಆ ದಿನ ಉಣ್ಣಲು ಕರೆದರೆ ಒಲ್ಲೆ ಎನ್ನುವ ಎದೆ ಕೊಡಗಿನ ಯಾವ ರಾಜಕಾರಣಿಗೂ ಇಲ್ಲ. ಅಕ್ಕ ಎಮ್ಮೆಲ್ಲೆಯನ್ನೂ ಅಧ್ಯಕ್ಷರನ್ನೂ ಮೆಂಬರುಗಳನ್ನೂ ಕರೆದರು. ತಮ್ಮ ಮನೆಗಲ್ಲ, ಕಾಲೋನಿಯ ನಮ್ಮ ಮನೆಗೆ.

ಅವ್ವ ಹಿಗ್ಗಿಹೋದಳು. ಎಮ್ಮೆಲ್ಲೆ ನಮ್ಮ ಮನೆಗೆ! ಆದರೆ ಕಕ್ಕಡದಲ್ಲಿ ನಮ್ಮ ಮನೆಯೊಳಗಿನ ನೆಲದಲ್ಲೇ ಜಲ ಏಳುತ್ತಿತ್ತು. ಒಲೆಯ ಪಕ್ಕದಿಂದ ಬಾಗಿಲಿನವರೆಗೆ ಅವ್ವ ಸಣ್ಣ ಕಾಲುವೆ ತೋಡಿ ನೀರು ಹೊರಗೆ ಬಿಡುತ್ತಿದ್ದಳು. ಅಂದು ಬೆಳಗಿನಿಂದ ಒರೆಸಿ ಒರೆಸಿ, ಗೋಣಿಗಳನ್ನು ಹಾಸಿ, ಮೇಲೆ ಹೊಸ ಚಾಪೆ ಹಾಕಿ ಎಲ್ಲ ಮುಚ್ಚಿದ್ದಳು. ಎಮ್ಮೆಲ್ಲೆಯವರೆಲ್ಲ ಅಂಗಳಕ್ಕೆ ಬಂದ ಹೊತ್ತಿಗೆ ಮೆಂಬರಕ್ಕ ಒಳಗೆ ನುಗ್ಗಿ, ಚಾಪೆಯಡಿಯ ಗೋಣಿಗಳನ್ನೆಲ್ಲ ಎಳೆದು ಹಿತ್ತಲಿಗೆ ಎಸೆದರು.

"ಎಂತ ಮಾಡ್ತಿದ್ದೀ? ನನ್ನ ಮರ್ಯಾದೆ ತೆಗೀತೀಯಾ?" ಎಂದು ಅವ್ವ ಅಡ್ಡ ಬಂದಳು.

"ಸುಮ್ಮನಿರಿ ಅಕ್ಕ. ಇವತ್ತೊಂದಿನ ಒದ್ದೆ ಇರ್ಲಿ" ಎಂದರು ಮೆಂಬರಕ್ಕ.

ಎಲ್ಲರೂ ಕೂತರು. ಎಲೆಗೆ ಪಾಯಸ ಬಿತ್ತು, ತುಪ್ಪ ಬಿತ್ತು. ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಎಮ್ಮೆಲ್ಲೆಯ ಬಿಳಿ ಪಂಚೆ ನೆನೆಯತೊಡಗಿತು. ಸ್ವಲ್ಪ ಸರಿದು ಕೂತರು, ಅಲ್ಲೂ ನೀರು. ಅಧ್ಯಕ್ಷರು ಎದ್ದೇಬಿಟ್ಟರು.

"ಉಣ್ಣೋ ಎಲೆ ಬಿಟ್ಟು ಏಳಬಾರ್ದು ಅಧ್ಯಕ್ಷರೇ, ಕೂತ್ಕೊಳ್ಳಿ" ಎಂದು ಅಕ್ಕ ಇನ್ನೊಂದು ಸೌಟು ಹಾಕಿದರು. "ಇವರು ದಿನಾ ಇದರ ಮೇಲೇ ಮಲಗೋದು. ನೀರು ಮೇಲಿನ ಸೂರಿಂದ ಸೋರ್ತಾ ಇಲ್ಲ. ಗುಡ್ಡದ ಹೊಟ್ಟೆಯಿಂದ ಬರ್ತಾ ಉಂಟು."

ಎಮ್ಮೆಲ್ಲೆ ಚಾಪೆ ಎತ್ತಿ ನೆಲಕ್ಕೆ ಎಡಗೈ ಇಟ್ಟು ನೋಡಿದರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

ಮುಂದಿನ ಮೀಟಿಂಗಿನಲ್ಲೇ ನಿರ್ಣಯವಾಯಿತು. ಎಮ್ಮೆಲ್ಲೆಯೂ ಅದರ ಬೆನ್ನಿಗೆ ನಿಂತರು. ಹೊಸ ಜಾಗದಲ್ಲಿ ಮನೆಗಳಾಗಿ ನಾವೆಲ್ಲ ಹೋದೆವು. ಆದರೆ ಅದು ತೋಟದ ಕೆಲಸಕ್ಕೆ ದೂರ, ಬಸ್ಸೂ ಇಲ್ಲ. ಮೇಲಾಗಿ ಎರಡು ಮಳೆಗಾಲ ಗುಡ್ಡ ಮಿಸುಕಲೇ ಇಲ್ಲ. "ಸುಮ್ಮನೆ ನಮ್ಮನ್ನ ಎಬ್ಬಿಸಿ ಹಾಕಿದ್ಲು" ಎಂದು ಜನ ಗೊಣಗಿದರು. ಚುನಾವಣೆಯಲ್ಲಿ ಅಕ್ಕ ಸೋತರು, ನಮ್ಮ ಕಾಲೋನಿಯ ವೋಟಿನಿಂದಲೇ.

ಅವ್ವನಂತೂ ಆ ಪಾಯಸದ ದಿನದಿಂದಲೇ ಅವರೊಡನೆ ಮಾತು ಬಿಟ್ಟಿದ್ದಳು. "ಉಣ್ಣಕ್ಕೆ ಬಂದವರನ್ನ ನೀರಲ್ಲಿ ಕೂರಿಸಿದ್ಲು, ನನ್ನ ಬಡತನ ಎಲ್ಲರಿಗೂ ತೋರಿಸಿದ್ಲು" ಎಂದು ನೆನೆದಾಗಲೆಲ್ಲ ಅಳುತ್ತಿದ್ದಳು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುವಳು. ಅಕ್ಕ ಮಾತ್ರ, "ನೆಲ ಒಣಗಿದೆಯಾ ಅಕ್ಕ?" ಎಂದು ಕೇಳಿಯೇ ದಾಟುವರು. ಅವ್ವ ನಡಿಗೆ ಜೋರು ಮಾಡುವಳು.

ಕಾಫಿ ಹೂ ಬಿಟ್ಟ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದರು. ಮಡಿಕೇರಿಯ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಅಂದು ಯಾವ ತಿರುವಿನಲ್ಲೂ ನಿಲ್ಲಿಸು ಅನ್ನಲಿಲ್ಲ. ಗುಡ್ಡ ಕಂಡಾಗ ಮಾತ್ರ, "ಅದು ಬೀಳದಿದ್ರೆ ಒಳ್ಳೇದೇ ಮಾರಾಯ. ನಾನು ಸುಳ್ಳುಬುರುಕಿ ಆದ್ರೂ ಅಡ್ಡಿಯಿಲ್ಲ" ಎಂದರು. ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟರು. ಅವ್ವ ಮಣ್ಣಿಗೂ ಬರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅದೇ ವರ್ಷ ಕಕ್ಕಡ ಹಿಡಿಯುತ್ತಲೇ ಗುಡ್ಡ ಜರಿದು ಬಂತು. ನಮ್ಮ ಹಳೇ ಮನೆಗಳಿದ್ದ ಜಾಗದಲ್ಲಿ ಕೆಂಪು ಕೆಸರು ಬಿಟ್ಟರೆ ಏನೂ ಉಳಿಯಲಿಲ್ಲ. ಅವ್ವನನ್ನು ಕರೆದೊಯ್ದು ತೋರಿಸಿದೆ. ಒಲೆ ಎಲ್ಲಿತ್ತೆಂದು ಕಣ್ಣಲ್ಲೇ ಹುಡುಕಿದಳು, ಗುರುತು ಸಿಗಲಿಲ್ಲ. "ಅಯ್ಯೋ, ನನ್ನ ನಾಲಿಗೆ ಸೇದಿಹೋಗ" ಎಂದು ರಸ್ತೆಯಲ್ಲೇ ಕುಸಿದು ಎದೆ ಬಡಿದುಕೊಂಡಳು. ಅಂದು ಆ ಗೋಣಿಗಳನ್ನು ಅಕ್ಕ ಎಳೆಯದಿದ್ದರೆ ನಾನೂ ಅವ್ವನೂ ಆ ಕೆಸರಿನ ಅಡಿಯಲ್ಲಿರುತ್ತಿದ್ದೆವು.

ಕಕ್ಕಡ ಹದಿನೆಂಟರಂದು ಅವ್ವ ಪಾಯಸ ಮಾಡಿದಳು. ನನಗೆ ಬಡಿಸುವ ಮೊದಲು, ಗೋಣಿಯಿಲ್ಲದೆ ಬರೀ ನೆಲದ ಮೇಲೆ ಚಾಪೆ ಹಾಸಿ, ಅದರ ಮುಂದೆ ಒಂದು ಎಲೆ ಇಟ್ಟಳು. ಪಾಯಸ ಹಾಕಿದಳು, ತುಪ್ಪ ಹಾಕಿದಳು. ಆಮೇಲೆ ಚಾಪೆಯ ಅಂಚು ಎತ್ತಿ ಅಂಗೈಯಿಂದ ನೆಲ ಸವರಿದಳು.

"ಒಣಗಿದೆ ತಂಗಿ" ಎಂದಳು. "ಕೂತ್ಕೊಂಡು ಉಣ್ಣು."